ಕುದುರೆ ಸಾಬರ ಎರಡನೆಯ ಬಾಯಿ

ಪ್ರೊಫೆಸರರು ನನ್ನನ್ನು ಆರಿಸಿಕೊಂಡದ್ದು ನನಗೆ ಅರಬ್ಬಿ ಬರುವುದಿಲ್ಲ ಎಂಬ ಕಾರಣಕ್ಕೆ. ಹೀಬ್ರೂ, ಸಿರಿಯಾಕ್, ಇಥಿಯೋಪಿಯದ ಹಳೆಯ ಗೀಜ್ ಭಾಷೆ, ಇವು ಯಾವುವೂ ಬರುವುದಿಲ್ಲ ಎಂದಾಗ ಅವರಿಗೆ ಇನ್ನಷ್ಟು ಸಮಾಧಾನವಾಯಿತು. ಭಾಷೆ ಬಲ್ಲವನು ಕಿವಿಗೆ ಬಿದ್ದದ್ದನ್ನು ಬರೆಯುವುದಿಲ್ಲ, ಬೀಳಬೇಕಾಗಿದ್ದದ್ದನ್ನು ಬರೆಯುತ್ತಾನೆ ಎಂಬುದು ಅವರ ದೂರು. ನಾನು ಆಗ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಅದಕ್ಕೂ ಮೊದಲು ಕೋರ್ಟಿನ ವರದಿಗಾರನಾಗಿದ್ದೆ. ಸಾಕ್ಷಿ ಹೇಳಿದ್ದನ್ನು ತಿದ್ದದೆ ಶೀಘ್ರಲಿಪಿಯಲ್ಲಿ ಇಳಿಸುವ ಅಭ್ಯಾಸವಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಪತ್ರಿಕೆಯ ಪಾಳಿ ಸಂಜೆಗೆ ಶುರುವಾಗುತ್ತಿದ್ದುದರಿಂದ ಹಗಲು ನನ್ನದಾಗಿತ್ತು.

ಪ್ರೊಫೆಸರರು ಸೆಮಿಟಿಕ್ ಕುಲದ ಭಾಷೆಗಳ ತೌಲನಿಕ ಶಬ್ದಪಟ್ಟಿಯೊಂದನ್ನು ಬಹಳ ವರ್ಷಗಳಿಂದ ಕಟ್ಟುತ್ತಿದ್ದರು. ಒಂದೇ ಮೂಲದಿಂದ ಕವಲೊಡೆದ ಭಾಷೆಗಳಲ್ಲಿ ಒಂದೇ ಮಾತು ಹೇಗೆ ಹೇಗೆ ಬೇರೆಯಾಗಿದೆ ಎಂದು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಅದು. ಅಷ್ಟೂ ಪುಸ್ತಕದಿಂದ ಮಾಡಿದ್ದು. ಹೀಗಿರುವಾಗ, ಮಂಡಿ ಮೊಹಲ್ಲಾದಲ್ಲಿ ಒಬ್ಬ ಮುದುಕರಿದ್ದಾರೆ, ಮಸೀದಿಯ ಅರಬ್ಬಿಯಲ್ಲದ ಇನ್ನಾವುದೋ ಅರಬ್ಬಿಯನ್ನು ಗೊಣಗಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಹರೆಯದಲ್ಲಿ ಅರಬ್ಬೀ ಕಡಲಂಚಿನಿಂದ ಕುದುರೆಗಳ ಜೊತೆ ಹಡಗಿನಲ್ಲಿ ಬಂದವರು. ಲಾಯದಲ್ಲಿ ಮರಿ ಕುದುರೆಗಳನ್ನು ಪಳಗಿಸುವ ಕೆಲಸಕ್ಕೆ ಸೇರಿ ಇಲ್ಲಿಯೇ ಮದುವೆಯಾಗಿ ನಿಂತವರು. ಕೇರಿಯವರೆಲ್ಲ ಅವರನ್ನು ಕುದುರೆ ಸಾಬರು ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಊದುಬತ್ತಿ ಹೊಸೆಯುತ್ತಿದ್ದ ಮಗಳೊಬ್ಬಳು ಜೊತೆಗಿದ್ದಳು.

ಪ್ರೊಫೆಸರರು ಅವರ ಬಾಯಿಂದ ಹತ್ತಾರು ಮಾತು ಕೇಳಿ ಬಂದು, ಎಲೆಯ ಮುಂದೆ ಕೂತವರು ಊಟವನ್ನೇ ಮರೆತರಂತೆ. ಅದು ಅರಬ್ಬಿಯಲ್ಲ, ಮೆಹ್ರಿ ಎಂಬ ಬರಹವಿಲ್ಲದ ಭಾಷೆ. ಅರಬ್ಬಿಗೆ ದೂರದ ದಾಯಾದಿ.

ಕೆಲಸ ನಡೆದದ್ದು ಕೃಷ್ಣಮೂರ್ತಿಪುರಂನಲ್ಲಿದ್ದ ಪ್ರೊಫೆಸರರ ಮನೆಯ ಮುಂದಿನ ಕೋಣೆಯಲ್ಲಿ. ಪದ್ಧತಿ ಸರಳ, ಬೇಸರದ್ದು. ನಾನು ಕನ್ನಡದಲ್ಲಿ ಒಂದು ಮಾತು ಕೇಳುವುದು: ಬೆಂಕಿ, ನೀರು, ಎಡಗೈ, ಹತ್ತು. ಅವರು ತಮ್ಮ ಭಾಷೆಯಲ್ಲಿ ಅದನ್ನು ಮೂರು ಸಲ ಹೇಳುವುದು. ಕೇಳಿದ ಹಾಗೆ ನಾನು ಚೀಟಿಯ ಮೇಲೆ ಬರೆದು ಪೆಟ್ಟಿಗೆಗೆ ಹಾಕುವುದು. ಕೆಲವು ದಿನ ಬಿಟ್ಟು ಚೀಟಿಗಳನ್ನು ಕಲಸಿ ಮತ್ತೆ ಕೇಳುವುದು. ಮೊದಲು ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ತಾಳೆಯಾದರೆ ಮಾತ್ರ ಆ ಚೀಟಿ ಉಳಿಯುತ್ತಿತ್ತು. ನಡುವೆ ಕಾಫಿ ಬರುತ್ತಿತ್ತು. ನಮಗೆ ಹಿತ್ತಾಳೆ ಲೋಟ, ಸಾಬರಿಗೆ ಕಿಟಕಿಯ ಮೇಲಿಟ್ಟಿದ್ದ ಗಾಜಿನ ಲೋಟ. ಅವರೇ ಎದ್ದು ಅದನ್ನು ತೆಗೆದುಕೊಳ್ಳುತ್ತಿದ್ದರು.

ಅವರ ಭಾಷೆಯಲ್ಲಿ ಒಂದು ಉಚ್ಚಾರವಿತ್ತು. ಅದನ್ನು ಬರೆಯಲು ನನ್ನಲ್ಲಿ ಅಕ್ಷರವಿರಲಿಲ್ಲ. ‘ಶ’ ಎನ್ನಲು ಹೊರಟು, ನಾಲಗೆಯನ್ನು ‘ಲ’ಕ್ಕೆ ಒತ್ತಿ ಹಿಡಿದು, ಗಾಳಿಯನ್ನು ಬಲಗಡೆಯ ಕೆನ್ನೆಯ ಸಂದಿಯಿಂದ ಬಿಟ್ಟ ಹಾಗೆ. ಹೇಳುವಾಗ ಅವರ ಮುಖದ ಅರ್ಧ ಮಾತ್ರ ಅಲುಗುತ್ತಿತ್ತು. ನಾನು ಸಿಗರೇಟಿನ ತೆಳುವಾದ ಕಾಗದದ ಚೂರನ್ನು ಅವರ ತುಟಿಯ ಮುಂದೆ ಹಿಡಿದೆ, ಅದು ಸುಮ್ಮನಿತ್ತು. ಬಲಗೆನ್ನೆಯ ಮೂಲೆಗೆ ಸರಿಸಿದೆ, ಥಟ್ಟನೆ ನಡುಗಿತು. ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ನಾನೂ ಪ್ರಯತ್ನಿಸಿದೆ.

“ಅಲ್ಲುನೋವು ಬಂದ ಕುದುರೆ ಇಂಗೇ ಮಾಡೋದು ಸಾಮಿ,” ಎಂದರು ಸಾಬರು. “ನೀವು ಬುಟ್ಬುಡಿ. ಕೆನ್ನೆ ಎಳ್ಕೊಂಡು ಓಗುತ್ತೆ.”

ಪ್ರೊಫೆಸರರು ನಗಲಿಲ್ಲ. ಅರಬ್ಬಿಯಲ್ಲಿ ಆ ಉಚ್ಚಾರ ‘ಶ’ ಆಗಿ ಹೋಯಿತು ಎಂದು ವಿವರಿಸಿದರು. ಹೀಬ್ರೂದಲ್ಲಿ ಅಕ್ಷರ ಉಳಿಯಿತು, ದನಿ ಸತ್ತಿತು: ಬಲಗಡೆ ಚುಕ್ಕೆ ಇಟ್ಟರೆ ‘ಶ’, ಎಡಗಡೆ ಚುಕ್ಕೆ ಇಟ್ಟರೆ ಹಿಂದೆ ಯಾವುದೋ ಬೇರೆ ದನಿ, ಈಗ ಬರೀ ‘ಸ’. “ಆ ಎಡಚುಕ್ಕೆ ಏನು ಅಂತ ಇಷ್ಟು ವರ್ಷ ಊಹೆ ಮಾಡ್ತಿದ್ದೆ ಕಣಯ್ಯ. ಅದು ಈ ಮನುಷ್ಯನ ಕೆನ್ನೆಯಲ್ಲಿ ಕೂತಿದೆ.”

ತಡೆ ಬಂದದ್ದು ಅಲ್ಲಿಂದಲೇ. ಹೊರಗಿನಿಂದ ಬಂದಿದ್ದ ವಿದ್ವಾಂಸರೊಬ್ಬರು ಚೀಟಿಗಳನ್ನು ನೋಡಿ, ಇದನ್ನು ಅಚ್ಚು ಹಾಕಿಸುವಂತಿಲ್ಲ ಎಂದರು. ಒಬ್ಬನೇ ಮನುಷ್ಯ; ಹರೆಯದಲ್ಲಿ ಊರು ಬಿಟ್ಟವನು; ತನ್ನವರು ಇನ್ನೊಬ್ಬರಿಲ್ಲ. ಮಸೀದಿಯ ಅರಬ್ಬಿಯನ್ನು ಹಲ್ಲಿಲ್ಲದ ಬಾಯಿ ಕೆಡಿಸಿದೆ ಎಂದು ಯಾರಾದರೂ ಹೇಳಿದರೆ ನಿಮ್ಮ ಉತ್ತರವೇನು? ಪ್ರೊಫೆಸರರು ಕೆರಳಿದರು. ನನಗೆ ಆ ಪ್ರಶ್ನೆ ನ್ಯಾಯವೆನಿಸಿತು. ಒಂದು ಬಾಯಿಂದ ಬಂದದ್ದು ಸುದ್ದಿಯಲ್ಲ, ಎರಡನೆಯ ಬಾಯಿ ಬೇಕು ಎಂಬುದು ನಮ್ಮ ಪತ್ರಿಕೆಯಲ್ಲಿ ಮೊದಲು ಕಲಿಸುವ ಪಾಠ. ವಿದ್ವಾಂಸರು ಹೋದ ಮೇಲೆ ನಾನು ಅದನ್ನೇ ಹೇಳಿದೆ. ಸಾಬರು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾರೆ ಎಂಬುದು ನನ್ನ ಗಮನದಲ್ಲಿರಲಿಲ್ಲ.

ಅವರು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು.

“ನನಗೂ ಅದೇ ಅನುಮಾನ ಸಾಮಿ,” ಎಂದರು. “ಜಹಾಜಿನಿಂದ ಇಳಿದ ಮ್ಯಾಕೆ ಈ ಮಾತು ನಾನು ಯಾರ ಜೊತೇನೂ ಆಡಿಲ್ಲ. ಕುದುರೆ ಜೊತೆ ಆಡಿದೀನಿ. ಕುದುರೆ ಬ್ಯಾಡ ಅನ್ನಲ್ಲ. ಯಾವುದು ನಮ್ಮವ್ವ ಕಲ್ಸಿದ್ದು, ಯಾವುದು ಕುದುರೆ ಮುಂದೆ ನಾನೇ ಕಟ್ಕೊಂಡಿದ್ದು, ಈಗ ಗೊತ್ತಾಗಲ್ಲ. ನೀವು ಓದಿದೋರು ಕರೆದಾಗ ಅದಕ್ಕೇ ಬಂದೆ. ನನಗೆ ಒಂದು ಭಾಷೆ ಇತ್ತಾ, ಇಲ್ಲಾ ಇಷ್ಟು ವರ್ಷ ಉಚ್ಚನಂಗೆ ವದರಿದ್ನಾ, ಸಾಯೋದ್ರೊಳಗೆ ಏಳ್ಬುಡಿ.”

ಅವತ್ತಿನಿಂದ ಕೆಲಸದ ಅರ್ಥ ಬದಲಾಯಿತು. ಶಬ್ದಪಟ್ಟಿ ಪ್ರೊಫೆಸರರಿಗೆ ಬೇಕಿತ್ತು. ತೀರ್ಪು ಸಾಬರಿಗೆ ಬೇಕಿತ್ತು.

ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆ ಭಾಷೆಯ ಎರಡನೆಯ ಮನುಷ್ಯ ಸಿಗಲಿಲ್ಲ. ದನಿಯನ್ನಾದರೂ ಹೊರಗಿನವರಿಗೆ ಕೇಳಿಸೋಣ ಎಂದು ಪ್ರೊಫೆಸರರು ಟೇಪ್ ರೆಕಾರ್ಡರ್ ಒಂದನ್ನು ಎರವಲು ತಂದರು. ಹೊಲಿಗೆ ಯಂತ್ರದಷ್ಟು ಭಾರ; ಎರಡು ದೊಡ್ಡ ಸುರುಳಿ; ಬಿಸಿಯಾದರೆ ಸುಟ್ಟ ರಬ್ಬರಿನ ವಾಸನೆ. ಮೊದಲ ದಿನ ಪ್ರೊಫೆಸರರೇ ಒಂದು ಶ್ಲೋಕ ಹೇಳಿ ಪರೀಕ್ಷಿಸಿದರು. ಯಂತ್ರ ಅದನ್ನು ತಿರುಗಿ ಹೇಳಿತು.

“ಇದ್ಯಾರಯ್ಯ ಮೂಗಿನಲ್ಲಿ ಹೇಳೋನು?” ಎಂದರು.

“ನೀವೇ ಕಣ್ರೀ,” ಎಂದು ಒಳಗಿನಿಂದ ಅವರ ಹೆಂಡತಿ ಹೇಳಿದರು. “ನಾವು ದಿನಾ ಕೇಳ್ತಿರೋದು ಅದೇ.”

ನಮ್ಮ ದನಿಯನ್ನು ನಾವು ತಲೆಯ ಮೂಳೆಯ ಮೂಲಕವೂ ಕೇಳುತ್ತೇವೆ, ಉಳಿದವರು ಗಾಳಿಯ ಮೂಲಕ ಮಾತ್ರ ಕೇಳುತ್ತಾರೆ. ಆದ್ದರಿಂದ ಯಂತ್ರದೊಳಗಿನ ನಾವು ನಮಗೆ ಪರಕೀಯರು. ಇದನ್ನು ಪ್ರೊಫೆಸರರು ನನಗೆ ಹೇಳಿದರು. ಸಾಬರಿಗೆ ಹೇಳಬೇಕು ಎಂದು ಇಬ್ಬರಿಗೂ ತೋಚಲಿಲ್ಲ.

ಒಂದು ಬೆಳಗ್ಗೆ ಅವರಿಂದ ಮಾತುಗಳನ್ನು ಹೇಳಿಸಿ ಟೇಪಿಗೆ ಇಳಿಸಿದೆವು. ಒಂದೊಂದು ಮಾತಿನ ನಡುವೆಯೂ ಸ್ವಲ್ಪ ಬಿಡುವು ಕೊಟ್ಟಿದ್ದೆವು. ಕೊನೆಗೆ, ಊರಿನಲ್ಲಿದ್ದಾಗ ದಾರಿಯಲ್ಲಿ ಸಿಕ್ಕವರನ್ನು ಹೇಗೆ ಮಾತಾಡಿಸುತ್ತಿದ್ದಿರಿ ಎಂದು ಕೇಳಿ ಆ ಕುಶಲಪ್ರಶ್ನೆಗಳನ್ನೂ ಹೇಳಿಸಿದೆವು. ಸುರುಳಿ ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದೆ.

ಸಾಬರು ಮೊದಲ ಕೆಲವು ಮಾತು ಸುಮ್ಮನೆ ಕೇಳಿದರು. ಆಮೇಲೆ ಕುರ್ಚಿಯಿಂದ ಇಳಿದು ಯಂತ್ರದ ಮುಂದೆ ನೆಲಕ್ಕೆ ಕೂತರು. ಕುಶಲಪ್ರಶ್ನೆ ಬಂದಾಗ ಉತ್ತರ ಕೊಟ್ಟರು. ನಾವು ಬಿಟ್ಟಿದ್ದ ಬಿಡುವಿಗೆ ಆ ಉತ್ತರ ಸರಿಯಾಗಿ ಹೊಂದಿತು. ಅವರು ಮುಗಿಸುವುದಕ್ಕೂ ಯಂತ್ರ ಮುಂದಿನ ಪ್ರಶ್ನೆ ಕೇಳುವುದಕ್ಕೂ ಸರಿಹೋಯಿತು. ಅವರು ತಲೆಯಾಡಿಸಿ ಅದಕ್ಕೂ ಉತ್ತರಿಸಿದರು. ಹೊರಗೆ ಬಿಸಿಲಿತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ಕೋಣೆಯಲ್ಲಿ ಇಬ್ಬರು ಮುದುಕರು ನಮಗೆ ತಿಳಿಯದ ಭಾಷೆಯಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಒಬ್ಬರು ಮಾತ್ರ ಕಾಣುತ್ತಿದ್ದರು.

ಸುರುಳಿ ಮುಗಿದು ಟೇಪಿನ ಬಾಲ ಪಟಪಟ ಹೊಡೆದುಕೊಂಡಿತು.

“ನಮ್ಮಣ್ಣ,” ಎಂದರು ಸಾಬರು, ನಮ್ಮ ಕಡೆ ತಿರುಗಿ. “ಇವನೆಲ್ಲಿ ಸಿಕ್ಕಿದ ನಿಮಗೆ?”

ನನಗೆ ಅಣ್ಣನ ವಿಷಯ ಗೊತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಬಂದ ಮಗಳು ಹೇಳಿದಳು. ಇಬ್ಬರೂ ಒಂದೇ ಹಡಗಿನಲ್ಲಿ ಹೊರಟವರು. ಬಿರುಗಾಳಿಗೆ ಕುದುರೆಗಳು ಹಗ್ಗ ಕಿತ್ತುಕೊಂಡಾಗ ಕಟ್ಟಲು ಹೋದ ಅಣ್ಣ ಸಮುದ್ರಕ್ಕೆ ಬಿದ್ದರು. ಹೆಣ ಸಿಗಲಿಲ್ಲ.

“ನಮ್ಮ ಅಬ್ಬಾ ಊಟ ಬಿಟ್ಟಿದ್ದಾರೆ ಸಾರ್,” ಎಂದಳು. “ಆ ಮಾತಾಡೋ ಪೆಟ್ಟಿಗೆ ಹತ್ರ ಯಾವಾಗ ಕರ್ಕೊಂಡು ಹೋಗ್ತೀಯ ಅಂತ ಒಂದೇ ಹಟ. ಇಷ್ಟು ದಿನ ಒಬ್ಬರೇ ಗೊಣಗ್ತಿದ್ರು, ಅದು ಅಭ್ಯಾಸ ಆಗಿತ್ತು. ಈಗ ಗೊಣಗಿ ಸುಮ್ಮನಾಗ್ತಾರೆ, ಆಮೇಲೆ ಸರಿ ಸರಿ ಅಂತಾರೆ. ಯಾರೋ ಜವಾಬು ಕೊಟ್ಟ ಹಾಗೆ. ನಾನು ಬತ್ತಿ ಹೊಸೆಯೋ ಹಲಗೆ ಎತ್ಕೊಂಡು ಜಗಲಿಗೆ ಬಂದ್ಬುಡ್ತೀನಿ.”

ಪ್ರೊಫೆಸರರು ಅದನ್ನು ಬೇರೆ ರೀತಿ ಕಂಡರು. ಚೀಟಿಗಳಲ್ಲಿ ಬಿಡಿ ಮಾತುಗಳಷ್ಟೇ ಇದ್ದವು. ಯಂತ್ರಕ್ಕೆ ಉತ್ತರಿಸುವಾಗ ಮಾತ್ರ ಸಾಬರು ಪೂರಾ ವಾಕ್ಯಗಳನ್ನು ಆಡಿದ್ದರು. ಇನ್ನೊಂದು ಯಂತ್ರ ತಂದು ಆ ಸಂಭಾಷಣೆಯನ್ನೇ ಹಿಡಿಯಬೇಕು, ಕ್ರಿಯಾಪದಗಳೆಲ್ಲ ಸಿಗುವ ತನಕ ಅದು ಅವರದೇ ದನಿ ಎಂದು ಅವರಿಗೆ ಹೇಳಬಾರದು ಎಂದರು. “ನಿನಗೆ ಎರಡನೆಯ ಬಾಯಿ ಬೇಕಿತ್ತಲ್ಲ? ಅವರೇ ತಂದುಕೊಟ್ಟಿದ್ದಾರೆ.”

“ಅದು ಒಂದೇ ಬಾಯಿ ಸಾರ್.”

“ಪೇಪರಿನವನು ನೀನು. ಅನುಮಾನವೇ ನಿನ್ನ ಕಸುಬು.”

“ಮೋಸ ಹೋದ ಸಾಕ್ಷಿಯ ಹೇಳಿಕೆ ನಾನು ಬರೆದುಕೊಳ್ಳಲ್ಲ ಸಾರ್,” ಎಂದೆ.

ಆಮೇಲೆ ನಾನು ಒಂದು ಸಲಹೆ ಕೊಟ್ಟೆ. ಸಾಬರಿಗೆ ಬೇಕಾಗಿರುವುದು ತಮ್ಮ ಭಾಷೆ ನಿಜವೆಂಬ ಖಾತ್ರಿ. ಅದನ್ನು ಮೊದಲು ದೊರಕಿಸೋಣ. ಸಿಕ್ಕರೆ ಪೆಟ್ಟಿಗೆಯೊಳಗಿನ ಅಣ್ಣನ ಅಗತ್ಯ ಅವರಿಗಿರುವುದಿಲ್ಲ. ಆಗ ನಿಜ ಹೇಳಬಹುದು. ಪ್ರೊಫೆಸರರು ಒಪ್ಪಿದರು. ಇಡೀ ಕೆಲಸ ತಿರುಗಿದ್ದು ಆ ಬೆಳಗ್ಗೆ.

ಪರೀಕ್ಷೆಯನ್ನು ಹೀಗೆ ಏರ್ಪಡಿಸಿದೆವು. ಕೆನ್ನೆಯ ಉಚ್ಚಾರ ಬಂದ ಚೀಟಿಗಳೆಲ್ಲವನ್ನೂ ನಾನು ನನ್ನ ಕಿವಿಯನ್ನು ಮಾತ್ರ ನಂಬಿ ಒಂದು ಕಟ್ಟಾಗಿ ಬೇರ್ಪಡಿಸಿದೆ. ಪ್ರೊಫೆಸರರು ಒಳಕೋಣೆಯಲ್ಲಿ ಕೂತು, ನನ್ನ ಚೀಟಿಗಳನ್ನು ನೋಡದೆ, ಹೀಬ್ರೂವಿನಲ್ಲಿ ಎಡಚುಕ್ಕೆಯಿರುವ ಮಾತುಗಳನ್ನು ಒಂದು ಕಟ್ಟು, ಬಲಚುಕ್ಕೆಯವನ್ನು ಇನ್ನೊಂದು ಕಟ್ಟು ಮಾಡಿದರು. ಇಬ್ಬರೂ ಕಟ್ಟುಗಳನ್ನು ನಡುಮನೆಯ ಚಾಪೆಯ ಮೇಲೆ ಒಟ್ಟಿಗೆ ಬಿಚ್ಚಿದೆವು.

‘ಹತ್ತು’ ಕೂಡಿತು. ‘ಎಡಗೈ’ ಕೂಡಿತು. ಎರಡು ಕಡೆಯೂ ಇದ್ದ ಮಾತುಗಳಲ್ಲಿ ಎಡಚುಕ್ಕೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಕೆನ್ನೆಯ ಗಾಳಿ. ಬಲಚುಕ್ಕೆಯ ಒಂದು ಮಾತೂ ನನ್ನ ಕಟ್ಟಿನಲ್ಲಿರಲಿಲ್ಲ. ಅದಕ್ಕಿಂತ ವಿಚಿತ್ರ ಆರು, ಏಳು ಎಂಬ ಎಣಿಕೆಗಳು. ಹೀಬ್ರೂದಲ್ಲಿ ಅವು ಬಲಚುಕ್ಕೆಯ ‘ಶ’ದಿಂದ ಶುರುವಾಗುತ್ತವೆ, ಅರಬ್ಬಿಯಲ್ಲಿ ‘ಸ’ದಿಂದ. ಸಾಬರ ಬಾಯಲ್ಲಿ ಎರಡೂ ಅಲ್ಲ, ಬರಿಯ ‘ಹ’. ಕನ್ನಡ ಆಡುವಾಗ ಮೊದಲಿನ ‘ಹ’ವನ್ನೇ ನುಂಗುವ ಮನುಷ್ಯ ಅಲ್ಲಿ ಮಾತ್ರ ಅದನ್ನು ಸ್ಪಷ್ಟವಾಗಿ ಊದುತ್ತಿದ್ದರು.

“ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು,” ಎಂದರು ಪ್ರೊಫೆಸರರು, ಚಾಪೆಯ ಮೇಲಿಂದ ಕಣ್ಣೆತ್ತದೆ. “ಯಾರೂ ಕೂತು ಮಾಡಿದ್ದಲ್ಲ. ಒಂದು ಮಾತಿಗೆ ಆದದ್ದು ಸಾಲಿಗೆ ಸಾಲೇ ಆಗುತ್ತೆ. ಇಂಥದ್ದನ್ನ ಒಬ್ಬನೇ ಮನುಷ್ಯ ಲಾಯದಲ್ಲಿ ಕೂತು ಕಟ್ಟೋಕೆ ಆಗಲ್ಲಯ್ಯ. ಓದು ಬಾರದವರು. ತಾಯಿಯಿಂದಲೇ ಬಂದಿರಬೇಕು.”

ಯಾವ ಭಾಷೆಗೂ ತಾಳೆಯಾಗದ ಕೆಲವು ಚೀಟಿ ಉಳಿದವು. ಅವನ್ನು ಬೇರೆ ಲಕೋಟೆಗೆ ಹಾಕಿ ‘ಸಾಕ್ಷಿ ಇಲ್ಲ’ ಎಂದು ಬರೆದೆ.

ಮರುದಿನ ಸಾಬರು ಮಗಳೊಡನೆ ಬಂದರು. ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದೆವು. ಅವರು ಅದನ್ನೇ ನೋಡುತ್ತ ಕೂತರು. ಎಡಚುಕ್ಕೆಯ ವಿಷಯವನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ: ಸಾವಿರ ವರ್ಷಕ್ಕೂ ಹಿಂದೆ, ನಿಮ್ಮನ್ನು ಕಾಣದ, ನಿಮ್ಮ ಊರು ತಿಳಿಯದ ಜನ ಪುಸ್ತಕದಲ್ಲಿ ಗುರುತು ಇಟ್ಟಿದ್ದಾರೆ. ಅವರು ಗುರುತು ಇಟ್ಟ ಕಡೆಯಲ್ಲೆಲ್ಲ ನಿಮ್ಮ ಕೆನ್ನೆಯಿಂದ ಗಾಳಿ ಬರುತ್ತದೆ. ನೀವು ಕಟ್ಟಿಕೊಂಡದ್ದಲ್ಲ. ನಿಮ್ಮ ತಾಯಿಯ ಭಾಷೆಯೇ.

“ಆ ಗುರುತು ಇಟ್ಟೋರು ಈಗ ಎಲ್ಲವರೆ?”

“ಸತ್ತು ಎಷ್ಟೋ ಕಾಲವಾಯಿತು.”

“ಸತ್ತೋರು ನನ್ ಕಡೆ ಸಾಕ್ಷಿ ಏಳವ್ರೆ.” ಅವರು ಗಡ್ಡದ ಮೇಲೆ ಕೈಯಾಡಿಸಿದರು. “ಅದು ನಡೀತದೆ ಅಂದ್ರೆ, ನಮ್ಮಣ್ಣನ ಸಾಕ್ಷಿ ಯಾಕೆ ಬ್ಯಾಡ ಸಾಮಿ?”

ಪ್ರೊಫೆಸರರು ನನ್ನ ಕಡೆ ನೋಡಿದರು. ನಾನು ಬಟ್ಟೆ ತೆಗೆದು, ಅದರೊಳಗಿರುವುದು ನಿಮ್ಮದೇ ದನಿ ಎಂದೆ. ಮೂಳೆ, ಗಾಳಿ ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಅಣ್ಣ ತೀರಿಕೊಂಡಾಗ ಹುಡುಗ, ಈ ದನಿ ಮುದುಕನದ್ದಲ್ಲವೇ ಎಂದೂ ಕೇಳಿದೆ.

“ಅವನಿಗೂ ವಯಸ್ಸಾಗಲ್ವಾ?”

ಇನ್ನು ವಿವರಣೆಯಿಂದ ಪ್ರಯೋಜನವಿಲ್ಲ, ತೋರಿಸಿಯೇಬಿಡಬೇಕು ಎಂದುಕೊಂಡೆ. ಕನ್ನಡದಲ್ಲಿ ಏನಾದರೂ ಹೇಳಿ, ಅದನ್ನೇ ಈಗಲೇ ಕೇಳಿಸುತ್ತೇನೆ ಎಂದೆ. ಅಣ್ಣನಿಗೆ ಕನ್ನಡ ಬರುತ್ತಿರಲಿಲ್ಲ. ಆದ್ದರಿಂದ ದನಿ ಯಾರದೆಂಬುದು ತೀರ್ಮಾನವಾಗುತ್ತದೆ ಎಂಬುದು ನನ್ನ ಲೆಕ್ಕ. ಇದಕ್ಕಿಂತ ಸರಿಯಾದ ಪರೀಕ್ಷೆ ನನಗೆ ಇಂದಿಗೂ ತೋಚುತ್ತಿಲ್ಲ. ಸಾಬರು ಮೈಕಿನ ಮುಂದೆ ಬಾಗಿ, “ನಾನು ಮಂಡಿ ಮೊಹಲ್ಲಾದಾಗೆ ಇವ್ನಿ. ನನ್ ಮಗಳು ಊದಬತ್ತಿ ಒಸೀತಾಳೆ,” ಎಂದರು. ಸುರುಳಿ ಹಿಂದಕ್ಕೆ ಸುತ್ತಿದೆ. ಗುಂಡಿ ಒತ್ತಿದೆ. ಯಂತ್ರ ಅದನ್ನೇ, ಅದೇ ನಿಧಾನದಲ್ಲಿ ಹೇಳಿತು.

ಸಾಬರ ಮುಖ ಬಿಳಿಚಿತು. ಮಗಳು ಅವರ ತೋಳು ಹಿಡಿದುಕೊಂಡಳು.

“ನಮ್ಮಣ್ಣ ಕನ್ನಡ ಯಾವಾಗ ಕಲ್ತ?” ಎಂದರು ಕೊನೆಗೆ. ನಮ್ಮನ್ನಲ್ಲ, ತಮ್ಮನ್ನೇ ಕೇಳಿಕೊಂಡ ಹಾಗೆ. ಆಮೇಲೆ ತಾವೇ ಉತ್ತರ ಕಂಡುಕೊಂಡರು. “ಅಂದ್ರೆ ದಡ ಸೇರವ್ನೆ. ಇದೇ ಊರಾಗೆ ಇದ್ದ. ನನ್ ಮನೇನೂ ಗೊತ್ತು ಅವನಿಗೆ. ಮಗಳ್ನೂ ನೋಡವ್ನೆ.”

ಮಗಳು ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

ಪ್ರೊಫೆಸರರು ಅಂದೇ ಯಂತ್ರವನ್ನು ಹಿಂತಿರುಗಿಸಿದರು. ಕ್ರಿಯಾಪದಗಳ ಮಾತು ಮತ್ತೆ ಎತ್ತಲಿಲ್ಲ. ನಾನು ಒಂದೆರಡು ಸಲ ಮಂಡಿ ಮೊಹಲ್ಲಾಕ್ಕೆ ಹೋದೆ. ಸಾಬರು ಚೆನ್ನಾಗಿದ್ದರು. ಊಟ ಮಾಡುತ್ತಿದ್ದರು, ಜಗಲಿಯಲ್ಲಿ ಕೂತು ಜಟಕಾದವರ ಕುದುರೆಗಳಿಗೆ ಹೆಸರಿಟ್ಟು ನಗುತ್ತಿದ್ದರು. ಗೊಣಗುವುದು ಪೂರ್ತಿ ನಿಂತಿತ್ತು.

“ಒಂದೇ ವಿಷಯ ಸಾರ್,” ಎಂದಳು ಮಗಳು. ಕಪ್ಪು ಹಿಟ್ಟು ಮೆತ್ತಿದ ಕೈಯನ್ನು ಮಣಿಕಟ್ಟಿನಿಂದ ಎತ್ತಿ ಹಿಡಿದಿದ್ದಳು. “ಯಾರಾದರೂ ಹೆಸರು ಹಿಡಿದು ಕೂಗಿದರೆ ಪಕ್ಕಕ್ಕೆ ತಿರುಗಿ ನೋಡ್ತಾರೆ. ಬೇರೆ ಯಾರನ್ನೋ ಕರೆದ ಹಾಗೆ.”

ಶಬ್ದಪಟ್ಟಿ ಅಚ್ಚಿಗೆ ಹೋಗುವ ಮೊದಲು ಕೊನೆಯ ತಾಳೆ ನೋಡುವುದಿತ್ತು. ಸಾಬರನ್ನು ಮತ್ತೊಮ್ಮೆ ಕೃಷ್ಣಮೂರ್ತಿಪುರಂಗೆ ಕರೆಸಿದೆವು. ಕೇಳಿದ್ದಕ್ಕೆಲ್ಲ ತಪ್ಪಿಲ್ಲದೆ ಹೇಳಿದರು. ಅವರು ಕಾಫಿ ಕುಡಿಯುತ್ತಿದ್ದಾಗ ನಾನು ಮೊದಲ ಹಾಳೆಯನ್ನು ತುಂಬುತ್ತಿದ್ದೆ. ಯಾವ ಭಾಷೆ, ಎಲ್ಲಿ ಸಂಗ್ರಹಿಸಿದ್ದು, ಮಾತು ಕೊಟ್ಟವರು ಎಷ್ಟು ಜನ ಎಂಬ ವಿವರ ಅದರಲ್ಲಿ ಬರಬೇಕಿತ್ತು.

“ಏನು ಬರೀತಿದ್ದೀರಿ ಸಾಮಿ?”

“ಈ ಭಾಷೆ ಆಡಿ ತೋರಿಸಿದವರು ಎಷ್ಟು ಜನ ಅಂತ.”

“ಎಷ್ಟು ಅಂತ ಬರುದ್ರಿ?”

ಪ್ರೊಫೆಸರರು ಕಿಟಕಿಯ ಕಡೆ ತಿರುಗಿಕೊಂಡರು.

“ಒಬ್ಬರು,” ಎಂದೆ.

ಅವರು ಬೇಸರಪಡಲಿಲ್ಲ. ಲೋಟವನ್ನು ಮತ್ತೆ ಕಿಟಕಿಯ ಮೇಲಿಟ್ಟು, ಹೆಗಲ ವಸ್ತ್ರದಿಂದ ತುಟಿ ಒರೆಸಿಕೊಂಡರು. ನನ್ನ ಬಳಿ ಬಂದು, ಓದು ಬಾರದಿದ್ದರೂ, ಹಾಳೆಯನ್ನು ಬಗ್ಗಿ ನೋಡಿದರು.

“ನಮ್ಮಿಬ್ಬರಲ್ಲಿ ಯಾರನ್ನ ಬರುದ್ರಿ?” ಎಂದರು.

ಹೆಸರು ಹಾಕುವ ಪದ್ಧತಿ ನಮ್ಮ ಪಟ್ಟಿಯಲ್ಲಿರಲಿಲ್ಲ. ‘ಒಬ್ಬರು, ಗಂಡಸು, ವೃದ್ಧರು, ಹಡಗಿನಲ್ಲಿ ಬಂದವರು’ ಎಂದಷ್ಟೇ ನಾನು ಬರೆದಿದ್ದೆ.